ಎರಡು ಏರ್‌ಬ್ಯಾಗ್, ಆರು ಏರ್‌ಬ್ಯಾಗ್, ಇಲ್ಲಾ ಹಳೇ ದೊಡ್ಡ ಗಾಡಿ: ಮನೆ ಮಂದಿಗೆ ಯಾವ ಕಾರು?

ಜಮಖಂಡಿಯಲ್ಲಿರುವ ನಮ್ಮ ಅಣ್ಣ ಎರಡು ವರ್ಷದಿಂದ ಕಾರು ತಗೋತೀನಿ, ಕಾರು ತಗೋತೀನಿ ಅನ್ನುತ್ತಲೇ ಇದ್ದ. ಈ ಸಲ ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ ನಿಜವಾಗಿಯೂ ಹೊರಟ. ನೋಡಿಕೊಂಡು ಬಂದದ್ದು ಮೂರು ಗಾಡಿ. ಒಂದು, ಹೊಸ ಸಣ್ಣ ಕಾರು, ಬೇಸ್ ಮಾಡೆಲ್, ಎರಡು ಏರ್‌ಬ್ಯಾಗ್. ಇನ್ನೊಂದು, ಬೇರೆ ಕಂಪನಿಯ ಹೊಸ ಕಾರು, ಆರು ಏರ್‌ಬ್ಯಾಗ್, ಹೆಚ್ಚುಕಮ್ಮಿ ಒಂದು ಲಕ್ಷ ಜಾಸ್ತಿ. ಮೂರನೆಯದು 2018ರ ದೊಡ್ಡ ಗಾಡಿ, ಸೆಕೆಂಡ್ ಹ್ಯಾಂಡ್, ರೇಟು ಇವೆರಡರ ನಡುವೆ.

"ಏರ್‌ಬ್ಯಾಗ್ ಎಷ್ಟ್ ಜಾಸ್ತಿ ಇರ್ತಾವ ಅಷ್ಟ್ ಛಲೋ ಅಂತ ಎಲ್ಲಾರೂ ಹೇಳ್ತಾರ. ನೀ ಏನಂತಿ?" ಅಂತ ಫೋನಿನಲ್ಲಿ ಕೇಳಿದ.

ನಾನು ಬಾಗಲಕೋಟೆಯಲ್ಲಿ ವಾಹನ ವಿಮೆಯ ಸರ್ವೆ ಮಾಡುವವನು. ಡಿಕ್ಕಿಯಾದ ಗಾಡಿ ಗ್ಯಾರೇಜಿಗೆ ಬಂದ ಮೇಲೆ ಹೋಗಿ, ಏನೇನು ಹೋಗಿದೆ, ಎಷ್ಟು ಖರ್ಚು ಬೀಳುತ್ತದೆ ಅಂತ ಬರೆಯುವುದು ನನ್ನ ಕೆಲಸ. ಹಾಗಾಗಿ ಮನೆಯಲ್ಲಿ ಯಾರು ಕಾರು ತಗೊಂಡರೂ ಫೋನು ನನಗೇ ಬರುತ್ತದೆ. ನಾನು ತಿರುಗಿ ಕೇಳಿದ್ದು ಒಂದೇ ಮಾತು. "ಹಿಂದಿನ ಸೀಟಿನ್ಯಾಗ ಯಾರ್ಯಾರು ಕೂಡವ್ರು?"

ಅವನು ಎಣಿಸಿದ. ಅವ್ವ, ಒಂಬತ್ತು ವರ್ಷದ ಮಗ, ಎರಡು ವರ್ಷದ ಮಗಳು. ಮುಂದೆ ಅವನು ಮತ್ತು ವೈನಿ. ಅಂದರೆ ಐವರಲ್ಲಿ ಮೂವರು ಹಿಂದೆ. ಏರ್‌ಬ್ಯಾಗಿನ ಲೆಕ್ಕ ಶುರುವಾಗುವುದು ಮುಂದಿನ ಸೀಟಿನಿಂದ. ನಮ್ಮ ಮನೆಗಳ ಲೆಕ್ಕ ಶುರುವಾಗಬೇಕಾದದ್ದು ಹಿಂದಿನಿಂದ.

ಬೆಲ್ಟ್ ಹೇಳುವ ಸಾಕ್ಷಿ

ಜಜ್ಜಿ ಹೋದ ಕಾರಿನ ಬಾಗಿಲು ತೆಗೆದ ಕೂಡಲೇ ನಾನು ಮೊದಲು ಮುಟ್ಟಿ ನೋಡುವುದು ಬೆಲ್ಟ್. ಹಾಕಿಕೊಂಡಿದ್ದ ಬೆಲ್ಟಿನ ಗುರುತೇ ಬೇರೆ. ಭುಜದ ಹತ್ತಿರ, ಕಂಬದ ಮೇಲೆ ಪಟ್ಟಿ ತೂರಿಬರುವ ಒಂದು ಬಳೆ ಇರುತ್ತದಲ್ಲ, ಅಲ್ಲಿ ಪ್ಲಾಸ್ಟಿಕ್ ಉಜ್ಜಿ ಕರಗಿದ ಗೆರೆ ಬಿದ್ದಿರುತ್ತದೆ. ಪಟ್ಟಿಯ ಮೇಲೂ ಅಷ್ಟಗಲ ಜಾಗ ಹೊಳೆಯುತ್ತದೆ, ಸುಕ್ಕುಗಟ್ಟಿರುತ್ತದೆ. ಹಾಕಿಕೊಳ್ಳದಿದ್ದ ಬೆಲ್ಟ್, ಕೆಲವು ಗಾಡಿಗಳಲ್ಲಿ, ಕಂಬಕ್ಕೆ ಅಂಟಿದ ಹಾಗೆ ಬಿಗಿಯಾಗಿ ನಿಂತುಬಿಟ್ಟಿರುತ್ತದೆ. ಎಳೆದರೂ ಬರುವುದಿಲ್ಲ. ಒಳಗಿರುವ ಪ್ರಿಟೆನ್ಷನರ್ ಅನ್ನುವ ಸಣ್ಣ ಪಟಾಕಿ ಸಿಡಿದು, ಆಳನ್ನು ಸೀಟಿಗೆ ಒತ್ತಿ ಹಿಡಿಯಲು ಪಟ್ಟಿಯನ್ನು ಒಳಗೆ ಎಳೆದುಕೊಂಡಿದೆ. ಹಿಡಿಯಲು ಅಲ್ಲಿ ಆಳೇ ಇರಲಿಲ್ಲ. ಅಂಥ ಗಾಡಿಯ ಮುಂದಿನ ಗಾಜಿನಲ್ಲಿ ಬಹಳ ಸಲ ಜೇಡರ ಬಲೆಯಂಥ ಒಂದು ಗುಂಡನೆಯ ಬಿರುಕು ಕಾಣುತ್ತದೆ. ತಲೆ ಬಡಿದ ಜಾಗ ಅದು. ಏರ್‌ಬ್ಯಾಗ್ ತೆರೆದ ಗಾಡಿಯಲ್ಲೂ ಅದನ್ನು ನೋಡಿದ್ದೇನೆ.

ಸ್ಟೇರಿಂಗ್ ಮೇಲೆ ಎಸ್‌ಆರ್‌ಎಸ್ ಅಂತ ಮೂರು ಅಕ್ಷರ ಬರೆದಿರುತ್ತಾರೆ. ಸಪ್ಲಿಮೆಂಟಲ್ ರಿಸ್ಟ್ರೇಂಟ್ ಸಿಸ್ಟಮ್. ಸಪ್ಲಿಮೆಂಟಲ್ ಅಂದರೆ ಮುಖ್ಯವಾದದ್ದರ ಜೊತೆಗೆ ನೆಂಚಿಕೊಳ್ಳಲು ಕೊಟ್ಟದ್ದು. ಬೆಲ್ಟ್ ರೊಟ್ಟಿ ಇದ್ದ ಹಾಗೆ, ಏರ್‌ಬ್ಯಾಗ್ ಹಿಂಡಿ. ಶೇಂಗಾ, ಗುರೆಳ್ಳು, ಅಗಸಿ ಅಂತ ಆರು ತರಹದ ಹಿಂಡಿ ಬಡಿಸಿ ರೊಟ್ಟಿಯನ್ನೇ ಹಾಕದಿದ್ದರೆ ಊಟ ಹೇಗಾದೀತು?

ಯಾಕೆ ಹೀಗೆ ಅಂದರೆ, ಏರ್‌ಬ್ಯಾಗ್ ಮೆತ್ತನೆಯ ದಿಂಬು ಅಲ್ಲ. ಡಿಕ್ಕಿಯಾದ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಅದು ಸಿಡಿದು ಉಬ್ಬಿ ನಿಂತಿರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿದಿರುತ್ತದೆ. ನೀವು ಹೋಗಿ ಅದಕ್ಕೆ ತಾಗುವ ಹೊತ್ತಿಗೆ ಅದು ಪೂರ್ತಿ ಉಬ್ಬಿರಬೇಕು, ಆಗ ಮಾತ್ರ ಉಪಯೋಗ. ಬೆಲ್ಟ್ ಇಲ್ಲದ ಮನುಷ್ಯ ಬ್ರೇಕ್ ಬಿದ್ದಾಗಲೇ ಮುಂದಕ್ಕೆ ಜಾರಿ ಸ್ಟೇರಿಂಗಿಗೆ ಮುಖ ಕೊಟ್ಟಿರುತ್ತಾನೆ. ಅವನಿಗೆ ಸಿಗುವುದು ಉಬ್ಬಿದ ಚೀಲ ಅಲ್ಲ, ಉಬ್ಬುತ್ತಿರುವ ಚೀಲದ ಏಟು. ಅದಕ್ಕೇ ಎದೆಯಿಂದ ಸ್ಟೇರಿಂಗ್ ನಡುವಿಗೆ ಕಡಿಮೆ ಅಂದರೂ 25 ಸೆಂಟಿಮೀಟರ್ ಜಾಗ ಇರಲಿ ಅನ್ನುವುದು. ಹೆಬ್ಬೆರಳು, ಕಿರುಬೆರಳು ಚಾಚಿ ಒಂದು ಗೇಣು ಹಿಡಿಯಿರಿ, ಅದಕ್ಕಿಂತ ನಾಲ್ಕು ಬೆರಳು ಜಾಸ್ತಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬೆಲ್ಟ್ ಒಂದೇ ಮುಂದಿನ ಸೀಟಿನವರ ಸಾವಿನ ಅಪಾಯವನ್ನು 45ರಿಂದ 50 ಶೇಕಡಾ ಇಳಿಸುತ್ತದೆ. ಹಿಂದೆ ಕೂತವರಿಗೆ ಸಾವು, ದೊಡ್ಡ ಗಾಯ ಎರಡೂ ಸೇರಿ 25 ಶೇಕಡಾ. ಏರ್‌ಬ್ಯಾಗಿನ ಲಾಭ ಇದರ ಮೇಲಿಂದ ಎಣಿಸಬೇಕಾದದ್ದು.

ವೇಗದ ಮಾತು ಬಂದಾಗ ನಮ್ಮ ಕಡೆಯವರಿಗೆ ನಾನು ವಿಜಯಪುರದ ಗೋಳಗುಮ್ಮಟ ತೋರಿಸುತ್ತೇನೆ. ಒಳಗೆ ಮೇಲೆ ಹತ್ತಿ ಪಿಸುಗುಟ್ಟಿದರೆ ಆಚೆ ಬದಿಗೆ ಕೇಳಿಸುವ ಗ್ಯಾಲರಿ ಇದೆಯಲ್ಲ, ಅದು ನೆಲದಿಂದ ಸುಮಾರು 33 ಮೀಟರ್ ಎತ್ತರ. 90 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೂ ಒಂದೇ, ಆ ಗ್ಯಾಲರಿಯಿಂದ ಕೆಳಗೆ ಬೀಳುವುದೂ ಹತ್ತಿರ ಹತ್ತಿರ ಒಂದೇ. ಕಟಕಟೆ ಹಿಡಿದುಕೊಂಡು ಕೆಳಗೆ ಬಗ್ಗಿ ನೋಡುವವರೇ ಸೋಲಾಪುರ ರಸ್ತೆಯಲ್ಲಿ ನೂರರ ಮೇಲೆ ಹೋಗುವಾಗ ಬೆಲ್ಟ್ ಬಿಟ್ಟು ಕೂತಿರುತ್ತಾರೆ.

ಎರಡೋ, ಆರೋ?

ಈಗ ಮೊದಲ ಎರಡು ಗಾಡಿಗಳ ಹೋಲಿಕೆ. ಎರಡು ಏರ್‌ಬ್ಯಾಗ್ ಅಂದರೆ ಸ್ಟೇರಿಂಗಿನಲ್ಲಿ ಒಂದು, ಪಕ್ಕದ ಸೀಟಿನ ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಒಂದು. ಆರು ಅಂದರೆ ಇವೆರಡರ ಜೊತೆಗೆ ಮುಂದಿನ ಸೀಟುಗಳ ಹೊರಬದಿಯಲ್ಲಿ ಒಂದೊಂದು, ಮತ್ತು ಎರಡೂ ಕಡೆ ಕಿಟಕಿಗಳ ಮೇಲೆ ಉದ್ದಕ್ಕೆ ಮಡಚಿಟ್ಟ ಪರದೆಯಂಥದ್ದು ಒಂದೊಂದು. ಕರ್ಟನ್ ಏರ್‌ಬ್ಯಾಗ್ ಅನ್ನುತ್ತಾರೆ.

ಆರು ಬ್ಯಾಗ್ ಅಂದ ಕೂಡಲೇ ಆರು ಜನಕ್ಕೆ ಒಂದೊಂದು ಅಂತ ನಮ್ಮ ಅಣ್ಣ ತಿಳಿದಿದ್ದ. ಅವನೊಬ್ಬನೇ ಅಲ್ಲ, ಶೋರೂಮಿನ ಹುಡುಗ ಕೂಡ ಹಾಗೇ ಕೈಯಾಡಿಸಿ ತೋರಿಸಿದ್ದನಂತೆ. ಹಾಗಲ್ಲ. ಹಿಂದಿನ ಸೀಟಿನವರಿಗೆ ಸಿಗುವುದು ಕಿಟಕಿ ಬದಿಯ ಪರದೆ ಮಾತ್ರ. ಗಾಡಿ ಎದುರಿಗೆ ಗುದ್ದಿದರೆ ಅವ್ವನ ಮುಂದೆ ಯಾವ ಚೀಲವೂ ತೆರೆಯುವುದಿಲ್ಲ. ಮುಂದಿನ ಸೀಟಿನ ಬೆನ್ನು, ಅವಳ ಬೆಲ್ಟ್, ಇಷ್ಟೇ. ಎರಡು ಬ್ಯಾಗಿನ ಗಾಡಿಯಲ್ಲೂ ಅಷ್ಟೇ, ಆರು ಬ್ಯಾಗಿನ ಗಾಡಿಯಲ್ಲೂ ಅಷ್ಟೇ.

ಹಾಗಾದರೆ ಲಕ್ಷ ರೂಪಾಯಿ ಜಾಸ್ತಿ ಕೊಡುವುದು ಯಾತಕ್ಕೆ? ಬದಿಯಿಂದ ಬೀಳುವ ಏಟಿಗೆ. ಕಾರಿನ ಮುಂದೆ ಬಾನೆಟ್ ಇದೆ, ಮೀಟರಿನಷ್ಟು ತಗಡು ಮಡಚಿ ಏಟು ನುಂಗುತ್ತದೆ. ಬದಿಯಲ್ಲಿ ನಿಮ್ಮ ಪಕ್ಕೆಗೂ ಎದುರು ಗಾಡಿಗೂ ನಡುವೆ ಇರುವುದು ಒಂದು ಬಾಗಿಲು. ನಮ್ಮ ರಸ್ತೆಗಳನ್ನು ನೆನೆಸಿಕೊಳ್ಳಿ. ಹೆದ್ದಾರಿಗೆ ಹೊಲದ ದಾರಿಯಿಂದ ನೇರ ನುಗ್ಗುವ ಟ್ರ್ಯಾಕ್ಟರ್, ಡಿವೈಡರ್ ಒಡೆದು ಮಾಡಿಕೊಂಡ ಕ್ರಾಸಿಂಗು, ಊರ ಬೈಪಾಸಿನಲ್ಲಿ ಸಿಗ್ನಲ್ ಇಲ್ಲದ ನಾಲ್ಕು ದಾರಿ. ಬದಿ ಏಟು ಇಲ್ಲಿ ಅಪರೂಪವೇನಲ್ಲ. ಗಾಡಿ ಪಲ್ಟಿಯಾದಾಗಲೂ ತಲೆ ಕಿಟಕಿಗೆ ಬಡಿಯದಂತೆ ನೋಡಿಕೊಳ್ಳುವುದು ಆ ಪರದೆಯೇ. ಹೀಗಾಗಿ ಹಣ ಇದ್ದರೆ ಆರು ತಗೊಳ್ಳಿ ಅಂತಲೇ ನಾನು ಹೇಳುವುದು. ಇಲ್ಲದಿದ್ದರೆ ಸನ್‌ರೂಫ್ ಬಿಡಿ, ಟಿವಿಯಷ್ಟಗಲದ ಸ್ಕ್ರೀನ್ ಬಿಡಿ, ಅಲಾಯ್ ವೀಲ್ ಬಿಡಿ, ಆ ದುಡ್ಡು ಇಲ್ಲಿಗೆ ಹಾಕಿ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಸನ್‌ರೂಫ್ ತೆಗೆದು ತಲೆ ಹೊರಗೆ ಹಾಕುವವರು ಯಾರಪ್ಪಾ?

ಆರು ಬ್ಯಾಗ್ ಕಡ್ಡಾಯ ಆಗಿದೆಯಲ್ವಾ ಅಂತ ಕೆಲವರು ಕೇಳುತ್ತಾರೆ. ಆಗಿಲ್ಲ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕರಡು ನಿಯಮ ತಂದಿತ್ತು. ಅದೇ ಅಕ್ಟೋಬರಿಗೆ ಅಂದರು, ಆಮೇಲೆ 2023ಕ್ಕೆ ಮುಂದೂಡಿದರು, ಕೊನೆಗೆ ಕಡ್ಡಾಯ ಮಾಡುವುದಿಲ್ಲ ಅಂದರು. ಅಷ್ಟರಲ್ಲಿ ಗಿರಾಕಿಗಳೇ ಕೇಳತೊಡಗಿದ್ದರಿಂದ ಕಂಪನಿಗಳು ತಾವಾಗಿಯೇ ಕೊಡಲು ಶುರು ಮಾಡಿದವು. ಹ್ಯುಂಡೈ 2023ರ ಅಕ್ಟೋಬರಿನಲ್ಲಿ ತನ್ನ ಎಲ್ಲ ಕಾರುಗಳಿಗೂ ಆರು ಏರ್‌ಬ್ಯಾಗ್ ಅಂತ ಹೇಳಿತು.

ಇನ್ನು ಸ್ಟಾರ್, ಅಂದರೆ ಡಿಕ್ಕಿ ಪರೀಕ್ಷೆ ಮಾಡಿ ಕಾರಿನ ಸುರಕ್ಷತೆಗೆ ಕೊಡುವ ಅಂಕ. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಅನ್ನುವ ನಮ್ಮದೇ ಪರೀಕ್ಷೆ ಇದೆ. ಕಾರನ್ನು 64 ಕಿಲೋಮೀಟರ್ ವೇಗದಲ್ಲಿ ಎದುರಿಗೆ ಗುದ್ದಿಸುತ್ತಾರೆ, ಬದಿಯಿಂದ 50ರಲ್ಲಿ. ದೊಡ್ಡವರಿಗೆ ಎಷ್ಟು ಸ್ಟಾರ್, ಮಕ್ಕಳಿಗೆ ಎಷ್ಟು ಸ್ಟಾರ್ ಅಂತ ಬೇರೆ ಬೇರೆ ಕೊಡುತ್ತಾರೆ. ನೀವು ಮಕ್ಕಳ ಸ್ಟಾರನ್ನೂ ಕೇಳಿ. ಮಾರುವವರು ದೊಡ್ಡವರ ಸ್ಟಾರ್ ಮಾತ್ರ ಜೋರಾಗಿ ಹೇಳುತ್ತಾರೆ. ಇನ್ನೊಂದು ವಿಷಯ, ಆ ಪರೀಕ್ಷೆಯಲ್ಲಿ ಕೂರಿಸಿದ ಬೊಂಬೆಗಳಿಗೆಲ್ಲ ಬೆಲ್ಟ್ ಹಾಕಿರುತ್ತಾರೆ, ಮಗುವಿನ ಬೊಂಬೆಯನ್ನು ಮಕ್ಕಳ ಸೀಟಿನಲ್ಲಿ ಕೂರಿಸಿರುತ್ತಾರೆ. ಐದು ಸ್ಟಾರ್ ಬಂದದ್ದು ಹಾಗೆ ಕೂತವರಿಗೆ. 64ರ ಬದಲು ನೂರರಲ್ಲಿ ಗುದ್ದಿದರೆ ಏಟಿನ ಶಕ್ತಿ ಎರಡೂವರೆ ಪಟ್ಟಿನ ಹತ್ತಿರ ಹೋಗುತ್ತದೆ, ಅದನ್ನೂ ತಲೆಯಲ್ಲಿಟ್ಟುಕೊಳ್ಳಿ.

ಏರ್‌ಬ್ಯಾಗ್ ಎರಡಿದ್ದರೂ, ಆರಿದ್ದರೂ ತಪ್ಪದ ಒಂದು ಅಪಾಯ ನಮ್ಮ ಭಾಗದಲ್ಲಿದೆ. ನವೆಂಬರಿನಿಂದ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ದಿನಗಳಲ್ಲಿ ಮುಧೋಳ, ಜಮಖಂಡಿ, ಅಥಣಿ, ಚಿಕ್ಕೋಡಿ ರಸ್ತೆಗಳಲ್ಲಿ ರಾತ್ರಿ ಹೋಗಿ ನೋಡಿ. ಎರಡೆರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇದ್ದರೂ ರವದಿಯ, ಅಂದರೆ ಕಬ್ಬಿನ ಒಣ ಎಲೆಗಳ, ಕೆಳಗೆ ಮುಚ್ಚಿರುತ್ತದೆ. ಅದಕ್ಕೆ ಹಿಂದಿನಿಂದ ಹೋಗಿ ಗುದ್ದಿದರೆ ಬಾನೆಟ್ ಟ್ರೇಲರಿನ ಕೆಳಗೆ ನುಗ್ಗುತ್ತದೆ, ಏಟು ಬೀಳುವುದು ಗಾಜಿನ ಮಟ್ಟಕ್ಕೆ. ಮುಂದಿನ ತಗಡಿಗೆ ಏಟೇ ಸರಿಯಾಗಿ ತಾಗದ ಕಾರಣ ಏರ್‌ಬ್ಯಾಗ್ ತಡವಾಗಿ ತೆರೆಯಬಹುದು, ತೆರೆಯದೆಯೂ ಇರಬಹುದು. ಇಂಥ ಎರಡು ಗಾಡಿ ಸರ್ವೆ ಮಾಡಿದ ಮೇಲೆ ನಾನು ಕಬ್ಬಿನ ಸೀಸನ್ನಿನಲ್ಲಿ ಕತ್ತಲಾದ ಮೇಲೆ 50 ದಾಟುವುದಿಲ್ಲ. ಹಿಂದಿನಿಂದ ಹಾರ್ನ್ ಹೊಡೆಯುವವರು ಹೊಡೆಯಲಿ.

ನಡುವಿನ ಸೀಟು

ಅಣ್ಣನಿಗೆ ನಾನು ಕೊಟ್ಟ ಕೆಲಸ ಇದು. ಎರಡೂ ಶೋರೂಮಿಗೆ ಮತ್ತೆ ಹೋಗು, ಮುಂದೆ ಕೂರಬೇಡ, ಹಿಂದಿನ ಸೀಟಿನ ನಡುವೆ ಕೂತು ಬೆಲ್ಟ್ ಎಳೆದು ಫೋಟೋ ಕಳಿಸು.

ಮೊದಲ ಕಾರಿನ ಫೋಟೋ ಬಂತು. ನಡುವಿನ ಸೀಟಿಗೆ ಸೊಂಟಕ್ಕೆ ಮಾತ್ರ ಸುತ್ತುವ ಪಟ್ಟಿ, ಹಳೇ ವಿಮಾನದಲ್ಲಿ ಇದ್ದ ಹಾಗೆ. ತಲೆಗೆ ಆನಿಸಲು ಹೆಡ್‌ರೆಸ್ಟೂ ಇಲ್ಲ. ಎರಡನೇ ಕಾರಿನಲ್ಲಿ ಮೂರೂ ಜಾಗಕ್ಕೆ ಭುಜ, ಎದೆ, ಸೊಂಟ ಹಿಡಿಯುವ ಮೂರು ಬಿಂದುವಿನ ಬೆಲ್ಟ್.

ಇವೆರಡರ ನಡುವೆ ಏನು ಫರಕು? ಸೊಂಟದ ಪಟ್ಟಿ ಒಂದೇ ಇದ್ದರೆ ಡಿಕ್ಕಿಯಾದಾಗ ಮೇಲಿನ ಮೈ ಚಾಕು ಮಡಚಿದ ಹಾಗೆ ಮುಂದಕ್ಕೆ ಮಡಚಿಕೊಳ್ಳುತ್ತದೆ. ಎಲ್ಲ ಏಟೂ ಹೊಟ್ಟೆಗೆ, ಬೆನ್ನುಹುರಿಗೆ. ಏನೂ ಇಲ್ಲದ್ದಕ್ಕಿಂತ ಅದು ವಾಸಿ, ಆದರೆ ಈಗಿನ ಕಾಲದ ಗಾಡಿಗೆ ಅದು ಸಾಲದು. ಮೂರು ಬಿಂದುವಿನ ಬೆಲ್ಟ್ ಏಟನ್ನು ಭುಜದ ಎಲುಬು, ಎದೆಗೂಡು, ಸೊಂಟದ ಎಲುಬು ಮೂರಕ್ಕೂ ಹಂಚುತ್ತದೆ. 1959ರಲ್ಲಿ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಅನ್ನುವ ಎಂಜಿನಿಯರ್ ಇದನ್ನು ಮಾಡಿದ. ಕಂಪನಿ ಪೇಟೆಂಟನ್ನು ಹಿಡಿದಿಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಅಷ್ಟು ಹಳೇ, ಪುಕ್ಕಟೆ ಸಿಕ್ಕ ವಸ್ತುವನ್ನು ನಡುವಿನ ಸೀಟಿಗೆ ಹಾಕಲು ಇನ್ನೂ ಜಿಪುಣತನ ಮಾಡುವುದು ನನಗೆ ಸಿಟ್ಟು ತರಿಸುತ್ತದೆ.

ಹಿಂದೆ ಕೂತವರಿಗೆ ಬೆಲ್ಟ್ ಯಾಕೆ ಅನ್ನುವ ಪ್ರಶ್ನೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 138(3) ಹಿಂದಿನವರೂ ಹಾಕಲೇಬೇಕು ಅನ್ನುತ್ತದೆ. ಕಾಯ್ದೆಯ 194ಬಿ ಕಲಮಿನಲ್ಲಿ ದಂಡ 1,000 ರೂಪಾಯಿ. ದಂಡದ ಮಾತು ಬಿಡಿ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಇದ್ದ ಕಾರು ಸೇತುವೆಯ ಗೋಡೆಗೆ ಗುದ್ದಿತು. ಭಾರೀ ಬೆಲೆಯ ಕಾರು, ಏರ್‌ಬ್ಯಾಗಿಗೆ ಕೊರತೆ ಇರಲಿಲ್ಲ. ಮುಂದಿದ್ದ ಇಬ್ಬರು ಬದುಕಿದರು, ಹಿಂದಿದ್ದ ಇಬ್ಬರು ತೀರಿಕೊಂಡರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಮತ್ತೆ, ಬೆಲ್ಟ್ ಇಲ್ಲದೆ ಹಿಂದೆ ಕೂತವನು ತಾನೊಬ್ಬನೇ ಏಟು ತಿನ್ನುವುದಿಲ್ಲ. ಮುಂದೆ ಬೆಲ್ಟ್ ಹಾಕಿ ಕೂತವನ ಬೆನ್ನಿಗೆ ಹೋಗಿ ಗುದ್ದುತ್ತಾನೆ.

ಉಡಿಯೋ, ಮಕ್ಕಳ ಸೀಟೋ?

ಇಲ್ಲಿ ಜಗಳ ಆಗಿದ್ದು ಅವ್ವನ ಜೊತೆ. "ಕೂಸಿಗೆ ಬ್ಯಾರೆ ಕುರ್ಚಿ ಯಾಕೋ? ನನ್ನ ಉಡಿಯಾಗ ಕೂಡತಾಳ. ನಿಮ್ಮನ್ನೆಲ್ಲಾ ಹಂಗ ಬೆಳಸೀನಿ" ಅಂದಳು. ನಮ್ಮನ್ನು ಬೆಳೆಸಿದ್ದು ಎತ್ತಿನ ಗಾಡಿಯಲ್ಲಿ ಅಂತ ನಾನು ಹೇಳಲಿಲ್ಲ.

ಲೆಕ್ಕ ಹೇಳಿದೆ. 10 ಕೆ.ಜಿ. ತೂಕದ ಮಗು, ಗಾಡಿ 50ರ ವೇಗ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಗಾಡಿ ನಿಂತರೆ, ಆ ಮಗುವನ್ನು ಹಿಡಿದಿಟ್ಟುಕೊಳ್ಳಲು ಬೇಕಾಗುವ ಬಲ 140 ಕೆ.ಜಿ. ಎತ್ತಿದಷ್ಟು. ಜೋಳದ ಚೀಲ ಒಂದು ಕ್ವಿಂಟಲ್ ತೂಗುತ್ತದೆ, ಅದರ ಮೇಲೆ ಇನ್ನೂ 40 ಕೆ.ಜಿ. "ಅಷ್ಟು ಎತ್ತತೀ ಏನವಾ?" ಅಂದೆ. ಅವ್ವ ಸುಮ್ಮನಾದಳು, ಒಪ್ಪಲಿಲ್ಲ.

ಆಯ್ಕೆಗಳು ಇಷ್ಟು. ಹುಟ್ಟಿದ ಮಗುವಿನಿಂದ ಹಿಡಿದು ಕಡಿಮೆ ಅಂದರೂ 15 ತಿಂಗಳವರೆಗೆ ಹಿಂದಕ್ಕೆ ಮುಖ ಮಾಡಿ ಕೂರಿಸುವ ಸೀಟು. ಸೀಟಿನ ತೂಕ, ಎತ್ತರದ ಮಿತಿ ಇರುವವರೆಗೂ ಹಾಗೇ ಕೂರಿಸಿದರೆ ಇನ್ನೂ ಒಳ್ಳೆಯದು. ಮಗುವಿನ ತಲೆ ದೊಡ್ಡದು, ಕತ್ತು ಎಳಸು, ಹಿಂದಕ್ಕೆ ಮುಖ ಇದ್ದರೆ ಏಟನ್ನು ಬೆನ್ನೆಲ್ಲ ಸೇರಿ ತಾಳುತ್ತದೆ. ಆಮೇಲೆ ನಾಲ್ಕು ವರ್ಷದ ಆಸುಪಾಸಿನವರೆಗೆ ಒಳಪಟ್ಟಿಗಳಿರುವ, ಮುಂದಕ್ಕೆ ಮುಖದ ಸೀಟು. ಅದಾದ ಮೇಲೆ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕಾರಿನ ಬೆಲ್ಟೇ ಸರಿಯಾಗಿ ಕೂರುವಂತೆ ಮಾಡುವ ಮಣೆ. ಎತ್ತರ 135ರಿಂದ 150 ಸೆಂಟಿಮೀಟರ್ ಆಗುವವರೆಗೆ ಅದು ಬೇಕು. ಒಂಬತ್ತು ವರ್ಷದ ಹುಡುಗ ತಾನು ದೊಡ್ಡವನಾದೆ ಅನ್ನುತ್ತಾನೆ. ಬೆಲ್ಟ್ ಹಾಕಿ ನೋಡಿ. ಪಟ್ಟಿ ಭುಜದ ಬದಲು ಕತ್ತಿಗೆ ತಾಗುತ್ತಿದ್ದರೆ, ಸೀಟಿನ ಅಂಚಿನಲ್ಲಿ ಮೊಣಕಾಲು ಮಡಚದೆ ಕಾಲು ಮುಂದಕ್ಕೆ ಚಾಚಿದ್ದರೆ, ಅವನಿನ್ನೂ ದೊಡ್ಡವನಾಗಿಲ್ಲ.

ಇಲ್ಲಿ ನಡುವಿನ ಬೆಲ್ಟಿನ ವಿಷಯ ಮತ್ತೆ ಬರುತ್ತದೆ. ಮಕ್ಕಳ ಸೀಟನ್ನು ಕೊಂಡಿಗೆ ಸಿಕ್ಕಿಸುವ ಐಸೋಫಿಕ್ಸ್ ಜಾಗ ಸಾಮಾನ್ಯವಾಗಿ ಕಿಟಕಿ ಬದಿಯ ಎರಡು ಸೀಟಿಗೆ. ಒಂದರಲ್ಲಿ ಮಗಳು, ಇನ್ನೊಂದು ಬದಿ ಅವ್ವ, ಅವಳಿಗೆ ಹತ್ತಿ ಇಳಿಯಲು ಬಾಗಿಲು ಬೇಕು. ಹುಡುಗ ನಡುವೆ, ಬೂಸ್ಟರ್ ಮೇಲೆ. ಬೂಸ್ಟರಿಗೆ ಭುಜದ ಪಟ್ಟಿ ಇರಲೇಬೇಕು, ಸೊಂಟದ ಪಟ್ಟಿಯ ಜೊತೆ ಅದನ್ನು ಬಳಸುವಂತಿಲ್ಲ. ಅಂದರೆ ಮೊದಲ ಕಾರಿನಲ್ಲಿ ಹುಡುಗನಿಗೆ ಜಾಗವೇ ಇಲ್ಲ. ಎರಡು ಏರ್‌ಬ್ಯಾಗೋ ಆರೋ ಅನ್ನುವ ಪ್ರಶ್ನೆ ಬರುವ ಮೊದಲೇ ಆ ಗಾಡಿ ಬಿತ್ತು. ಮನೆಯಲ್ಲಿ ನಾಲ್ಕೇ ಜನ ಇದ್ದಿದ್ದರೆ ಅದೇ ಗಾಡಿಯನ್ನು ನಾನು ಅಷ್ಟು ಸುಲಭವಾಗಿ ಬೇಡ ಅನ್ನುತ್ತಿರಲಿಲ್ಲ.

ಮಗುವಿನ ಸೀಟನ್ನು ಮುಂದೆ ಇಟ್ಟರೆ ಆಗಲ್ವಾ? ಹಿಂದಕ್ಕೆ ಮುಖದ ಸೀಟನ್ನು, ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ, ಯಾವತ್ತೂ ಇಡಬೇಡಿ. ಚೀಲ ಸಿಡಿದರೆ ನೇರ ಮಗುವಿನ ತಲೆಯ ಹಿಂದೆ ಬಡಿಯುತ್ತದೆ. 13 ತುಂಬುವವರೆಗೆ ಮಕ್ಕಳಿಗೆ ಹಿಂದಿನ ಸೀಟೇ ಸರಿ.

ಹಳೇ ದೊಡ್ಡ ಗಾಡಿ

"ಹಳೇ ಗಾಡಿ ತಗಡು ಗಟ್ಟಿ, ಸಾವಕಾರ" ಅಂತ ಏಜೆಂಟ್ ಅಣ್ಣನ ತಲೆ ತುಂಬಿದ್ದ. ತಗಡು ಮಡಚುವುದು ದೋಷ ಅಲ್ಲ. ಅದು ಮಡಚಿದಷ್ಟೂ ನಿಮ್ಮ ಎಲುಬಿಗೆ ಬರುವ ಏಟು ಕಮ್ಮಿ. ಮಡಚಬಾರದ್ದು ನೀವು ಕೂರುವ ಗೂಡು.

ಹಳೇ ಗಾಡಿ ನೋಡುವಾಗ ತಾರೀಕು ನೆನಪಿಡಿ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆದದ್ದು 2019ರ ಜುಲೈ 1ರಿಂದ. ಪಕ್ಕದ ಸೀಟಿಗೆ ಪೂರ್ತಿ ಕಡ್ಡಾಯ ಆಗುವ ಹೊತ್ತಿಗೆ 2021 ಮುಗಿದಿತ್ತು. ಅದಕ್ಕೂ ಹಿಂದಿನ ಬೇಸ್ ಮಾಡೆಲಿನಲ್ಲಿ ಒಂದೂ ಇಲ್ಲದಿರಬಹುದು. ಇದ್ದರೂ ಕೆಲಸ ಮಾಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಕೀ ತಿರುಗಿಸಿದಾಗ ಮೀಟರಿನಲ್ಲಿ ಏರ್‌ಬ್ಯಾಗಿನ ದೀಪ ಹತ್ತಬೇಕು, ಕೆಲವು ಸೆಕೆಂಡ್ ಬಿಟ್ಟು ಆರಬೇಕು. ಆರದಿದ್ದರೆ ದೋಷ ಇದೆ. ಹತ್ತುವುದೇ ಇಲ್ಲ ಅಂದರೆ ಇನ್ನೂ ಕೆಟ್ಟದು, ದೀಪವನ್ನೇ ಯಾರೋ ಕಿತ್ತಿರುತ್ತಾರೆ.

ನಾನೇ ಮುಧೋಳಕ್ಕೆ ಹೋಗಿ ಆ ಗಾಡಿ ನೋಡಿದೆ. ತೊಳೆದು, ಪಾಲಿಶ್ ಹೊಡೆದು, ಒಳಗೆ ಸೆಂಟು ಹೊಡೆದು ನಿಲ್ಲಿಸಿದ್ದರು. ದೀಪ ಹತ್ತಿತು, ಆರಿತು. ಮುಂದಿನ ಬೆಲ್ಟ್ ಹಿಡಿದು ಎಳೆಯತೊಡಗಿದೆ. ಜನ ಬೆಲ್ಟನ್ನು ಮೊಳದಷ್ಟು ಎಳೆದು ಬಿಡುತ್ತಾರೆ. ಹಾಗಲ್ಲ, ಸುರುಳಿಯ ಕೊನೆ ಬರುವವರೆಗೆ ಎಳೆಯಬೇಕು. ಮೊದಲಿಗೆ ಪಟ್ಟಿ ಅಚ್ಚ ಕಪ್ಪು. ಕೊನೆಯ ಒಂದು ಗೇಣು ಹೊರಬಂದಾಗ ಕಂದು ಬಣ್ಣ, ಅಡ್ಡಕ್ಕೆ ಒಂದು ಗೆರೆ. ಬೆರಳು ಉಜ್ಜಿದರೆ ನುಣ್ಣನೆಯ ಮಣ್ಣು. ಮೂಗಿನ ಹತ್ತಿರ ಹಿಡಿದೆ. ಹೊಳೆಯ ಕೆಸರಿನ ವಾಸನೆ.

"ಧೂಳ ರೀ ಸರ" ಅಂದ ಏಜೆಂಟ್.

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರೇ ನೀರಿನಲ್ಲಿ ನಿಂತಿದ್ದನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಆಗ ಮುಳುಗಿದ ಗಾಡಿಗಳು ಎಲ್ಲೂ ಹೋಗಿಲ್ಲ, ಇಲ್ಲೇ ತಿರುಗುತ್ತಿವೆ. ಸೀಟು ಬದಲಿಸಬಹುದು, ಕಾರ್ಪೆಟ್ ಬದಲಿಸಬಹುದು, ಬೆಲ್ಟಿನ ಸುರುಳಿ ತೊಳೆಯುವುದು ಯಾರಿಗೂ ನೆನಪಾಗುವುದಿಲ್ಲ. ನೀರು ಕುಡಿದ ಏರ್‌ಬ್ಯಾಗ್ ವೈರಿನ ಕನೆಕ್ಟರುಗಳು ಸೀಟಿನ ಕೆಳಗೆ ತುಕ್ಕು ಹಿಡಿಯುತ್ತ ಕೂತಿರುತ್ತವೆ. ಇವತ್ತು ದೀಪ ಆರಿತು, ಬರುವ ವರ್ಷ ಏನೋ. ಮೂರನೇ ಗಾಡಿಯೂ ಬಿತ್ತು.

ಎಲ್ಲ ಹಳೇ ಗಾಡಿಯೂ ಹೀಗಿರುವುದಿಲ್ಲ. ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಆಮೇಲೆ ಜೋರಾಗಿ ಒಮ್ಮೆ ಜಗ್ಗಿ. ತಟ್ಟನೆ ಹಿಡಿಯಬೇಕು. ಬಿಟ್ಟರೆ ತಾನಾಗಿ ಒಳಗೆ ಸುತ್ತಿಕೊಳ್ಳಬೇಕು. ಪಟ್ಟಿಯ ಅಂಚು ಪಿಸಿದಿರಬಾರದು. ಒಮ್ಮೆ ದೊಡ್ಡ ಏಟು ತಿಂದ ಬೆಲ್ಟನ್ನು ಮತ್ತೆ ಬಳಸುವಂತಿಲ್ಲ, ಏರ್‌ಬ್ಯಾಗ್ ಅಂತೂ ಒಂದೇ ಸಲದ್ದು.

ತಗೊಂಡ ಮೇಲೆ ಕೆಡಿಸುವ ದಾರಿಗಳು

ಹತ್ತಾರು ಲಕ್ಷ ಕೊಟ್ಟು ತಂದ ರಕ್ಷಣೆಯನ್ನು ನೂರಿನ್ನೂರು ರೂಪಾಯಿಗೆ ಹಾಳು ಮಾಡಿಕೊಳ್ಳುವುದು ಸುಲಭ. ಬೆಲ್ಟ್ ಹಾಕದಿದ್ದರೂ ಬೀಪ್ ಬರದಂತೆ ಮಾಡುವ ಕ್ಲಿಪ್ ಇದೆಯಲ್ಲ, 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಅಂಗಡಿಗಳಿಂದ ಅದನ್ನು ತೆಗೆಸಿತು. ಆ ಕ್ಲಿಪ್ ಸಿಕ್ಕಿಸಿದರೆ ಗಾಡಿಯ ಕಂಪ್ಯೂಟರಿಗೆ ನೀವು ಬೆಲ್ಟ್ ಹಾಕಿದ್ದೀರಿ ಅಂತ ಸುಳ್ಳು ಹೋಗುತ್ತದೆ. ಬೆಲ್ಟ್ ಹಾಕದಿದ್ದರೆ ಏರ್‌ಬ್ಯಾಗ್ ತೆರೆಯುವುದೇ ಇಲ್ಲ ಅನ್ನುವ ಮಾತು ಎಲ್ಲ ಗಾಡಿಗೂ ನಿಜ ಅಲ್ಲ. ಆದರೆ ಬೆಲ್ಟ್ ಹಾಕಿದವರಿಗೆ ಒಂದು ಏಟಿನ ಮಟ್ಟದಲ್ಲಿ, ಹಾಕದವರಿಗೆ ಇನ್ನೊಂದರಲ್ಲಿ ತೆರೆಯುವ ಗಾಡಿಗಳಿವೆ. ಸುಳ್ಳು ಲೆಕ್ಕ ಹೋದರೆ ಉತ್ತರವೂ ಸುಳ್ಳೇ.

ಮುಂದೆ ಕಬ್ಬಿಣದ ಬುಲ್‌ಬಾರ್ ಕೂರಿಸಿದರೆ ಏಟಿನ ಲೆಕ್ಕ ಸೆನ್ಸರಿಗೆ ತಪ್ಪುತ್ತದೆ. 2017ರ ಡಿಸೆಂಬರಿನಲ್ಲೇ ಅದಕ್ಕೆ ತಡೆ ಬಂದಿದೆ, ಹಾಕಿಸುವವರು ನಿಂತಿಲ್ಲ. ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಗಮ್ ಹಚ್ಚಿ ಅಂಟಿಸಿದ ಎಲ್ಲಮ್ಮನ, ಗಣಪತಿಯ ಮೂರ್ತಿ ಏರ್‌ಬ್ಯಾಗ್ ಮುಚ್ಚಳದ ಮೇಲೆಯೇ ಕೂತಿರುತ್ತದೆ. ಸಿಡಿದರೆ ಅದು ನೇರ ವೈನಿಯ ಮುಖಕ್ಕೆ. ದೇವರನ್ನು ನಡುವಿಗೆ ಸರಿಸಿ, ಸಣ್ಣ ಚಿತ್ರ ಸಾಕು. ಸವದತ್ತಿಗೆ ಹೋಗುವಾಗ ಐದು ಸೀಟಿನ ಗಾಡಿಯಲ್ಲಿ ಎಂಟು ಜನ ತುಂಬುವವರಿಗೆ ನನ್ನ ಹತ್ತಿರ ಹೋಲಿಕೆ ಇಲ್ಲ. ಬೆಲ್ಟ್ ಐದೇ ಇರುತ್ತದೆ, ಉಳಿದವರಿಗೆ ವಾಯವ್ಯ ಸಾರಿಗೆಯ ಬಸ್ಸಿದೆ.

ಸೀಟ್ ಕವರಿನದು ನನ್ನದೇ ಅನುಭವ. ನನ್ನ ಗಾಡಿಗೆ ಒಂದು ಅಂಗಡಿಯಲ್ಲಿ ದಪ್ಪ ಲೆದರಿನ ಕವರ್ ಹಾಕಿಸಿದ್ದೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಅಂತ ಹೊಲಿದ ಸಣ್ಣ ಚೀಟಿ ಇತ್ತು, ಅದರ ಮೇಲೆಯೇ ಎಳೆದು ಗಟ್ಟಿ ಹೊಲಿಗೆ ಹಾಕಿಬಿಟ್ಟಿದ್ದರು. ಆರು ತಿಂಗಳು ನಾನೂ ನೋಡಿರಲಿಲ್ಲ. ಊರಿನ ಗಾಡಿಯೆಲ್ಲ ತಪಾಸಣೆ ಮಾಡುವವನು, ಅಲ್ವಾ! ಒಂದು ದಿನ ಬಿದ್ದ ಪೆನ್ನು ಹುಡುಕುವಾಗ ಕಣ್ಣಿಗೆ ಬಿತ್ತು. ಕವರ್ ಬಿಚ್ಚಿ ಎಸೆದೆ.

ಹಾಕಿಕೊಳ್ಳುವ ರೀತಿ

ಕೊನೆಗೆ ಎರಡನೇ ಕಾರು ಬುಕ್ ಆಯಿತು. ಆರು ಏರ್‌ಬ್ಯಾಗ್ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ ಅಣ್ಣ. ಅದನ್ನು ಆರಿಸಿದ್ದು ಹಿಂದಿನ ಸೀಟಿನ ನಡುವಿನ ಆ ಒಂದು ಪಟ್ಟಿ ಅಂತ ನನಗೆ ಗೊತ್ತು.

ಡೆಲಿವರಿ ದಿನ ಬೆಳಗಾವಿಗೆ ಎಲ್ಲರೂ ಹೋಗಿದ್ದೆವು. ಅಲ್ಲೇ ಪ್ರತಿಯೊಬ್ಬರನ್ನೂ ಕೂರಿಸಿ ಬೆಲ್ಟ್ ಸರಿಮಾಡಿದೆ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಪಟ್ಟಿಯನ್ನು ನಿರಿಗೆಯ ಗಂಟಿನ ಮೇಲೆ, ಹೊಟ್ಟೆಗೆ ಅಡ್ಡ ಹಾಕಿಕೊಂಡಳು. ಹಾಗಲ್ಲ, ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ಸೊಂಟದ ಎಲುಬಿನ ಮೇಲೆ ಕೂರಬೇಕು. ಬಸುರಿಯರಿಗೂ ಇದೇ, ಕೆಳಗಿನದು ಹೊಟ್ಟೆಯ ಕೆಳಗೆ, ಮೇಲಿನದು ಎದೆಯ ನಡುವಿನಿಂದ ಹೊಟ್ಟೆಯ ಬದಿಗೆ. ಸೆರಗು ಗುಪ್ಪೆಯಾಗದೆ ಚಪ್ಪಟೆ ಇರಲಿ, ಪಟ್ಟಿ ತಿರುಚಿರಬಾರದು, ಕಂಕುಳ ಕೆಳಗೆ ಹಾಯಬಾರದು. ಸೀಟನ್ನು ಮಂಚದ ಹಾಗೆ ಹಿಂದಕ್ಕೆ ಮಲಗಿಸಿ ಬೆಲ್ಟ್ ಹಾಕಿದರೆ ಡಿಕ್ಕಿಯಾದಾಗ ಮೈ ಪಟ್ಟಿಯ ಕೆಳಗಿನಿಂದ ಜಾರಿಹೋಗುತ್ತದೆ. ವೈನಿಗೆ ಕಾಲು ಡ್ಯಾಶ್‌ಬೋರ್ಡ್ ಮೇಲಿಡುವ ಅಭ್ಯಾಸ ಇಲ್ಲ, ಇದ್ದವರು ಬಿಡಬೇಕು. ಏರ್‌ಬ್ಯಾಗ್ ತೆರೆದ ಮೇಲೆ ಒಳಗೆಲ್ಲ ಬಿಳಿ ಪುಡಿ, ಪಟಾಕಿ ವಾಸನೆ ತುಂಬುತ್ತದೆ. ಬೆಂಕಿ ಅಂತ ಗಾಬರಿಯಾಗಬೇಡಿ, ಗಾಡಿ ಆಫ್ ಮಾಡಿ ಇಳಿಯಿರಿ ಅಂತಲೂ ಹೇಳಿದೆ.

ಶೋರೂಮಿನವರು ಪುಕ್ಕಟೆ ಸೀಟ್ ಕವರ್ ಹಾಕಿಕೊಡುತ್ತೇವೆ ಅಂದರು. ಬೇಡ ಅಂದೆವು. ಪುಕ್ಕಟೆ ಸಿಗುವುದನ್ನು ಬೇಡ ಅನ್ನುವ ಗಿರಾಕಿಯನ್ನು ಆ ಹುಡುಗ ನೋಡಿರಲಿಲ್ಲ. "ಹಂಗಾರ ಏನ್ ಕೊಡ್ಲಿ ರೀ?" ಅಂದ. ಕಾಲ ಕೆಳಗಿನ ಮ್ಯಾಟ್ ಇಸಕೊಂಡೆವು.

ಮಗಳು ತನ್ನ ಕುರ್ಚಿಯಲ್ಲಿ ಯರಗಟ್ಟಿ ಬರುವುದರೊಳಗೆ ನಿದ್ದೆ ಹೋದಳು. ಹುಡುಗ ಬೂಸ್ಟರ್ ಮೇಲೆ ಕೂತದ್ದಕ್ಕೆ ಹೊರಗೆಲ್ಲ ಚೆನ್ನಾಗಿ ಕಾಣಿಸುತ್ತದೆ ಅಂತ ಖುಷಿಯಾಗಿದ್ದ. ಅವ್ವ ಮಾತ್ರ ಹೊರಡುವ ಮೊದಲೇ ಕೇಳಿದ್ದಳು, "ಇದನ್ನ ಬಿಚ್ಚೂದ್ ಹೆಂಗೋ?" ಅಂತ. ಕೆಂಪು ಗುಂಡಿ ತೋರಿಸಿ, ಅವಳಿಂದಲೇ ಎರಡು ಸಲ ಒತ್ತಿಸಿದೆ. ಲೋಕಾಪುರ, ಮುಧೋಳ ದಾಟಿ ಜಮಖಂಡಿ ಮುಟ್ಟುವವರೆಗೂ ಅದರ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಿದ್ದಳು.